ಗಿರಿಜಾ ಒಬ್ಬಳೇ ಹಾರಬೇಕಿದ್ದ ದಿನ

ಗಿರಿಜಾ, ನಿನ್ನ ಹಾರಾಟ ನಿಲ್ಲಿಸಿದವನು ನಾನು. ರಾವ್ ಸಾರ್ ಅಲ್ಲ, ನಿನ್ನ ಕೈಯ ಕುಂದೂ ಅಲ್ಲ — ನಾನು, ನಿನ್ನ ಗಂಡ. ಒಂದು ಸುಳ್ಳು ಹೇಳಿ ನಿಲ್ಲಿಸಿದೆ. ಹದಿನೈದು ವರ್ಷ ನಿನ್ನ ಕೈಯಡುಗೆ ಉಂಡುಕೊಂಡು ಇದನ್ನು ನಿನಗೆ ಹೇಳದೆ ಇದ್ದೆ.

ವಿಮಾನದ ಹುಚ್ಚು ಮೊದಲು ಹತ್ತಿದ್ದು ನನಗೇ. ನಾರಾಯಣಗೂಡದ ಕ್ಲಿನಿಕ್ಕಿನಲ್ಲಿ ವಾರವಿಡೀ ಜನರ ಬಾಯೊಳಗೆ ಇಣುಕುವವನಿಗೆ ಭಾನುವಾರವಾದರೂ ಆಕಾಶ ಬೇಕೆನಿಸಿತ್ತು. ಶಂಶಾಬಾದ್ ದಾಟಿ ಆ ಸಣ್ಣ ಮೈದಾನಕ್ಕೆ ಹೋಗಿ ಹೆಸರು ಬರೆಸಿದೆ. ಇಬ್ಬರು ಕೂರುವ ಪುಟ್ಟ ವಿಮಾನ. ಕಲಿಸಲು ವಾಯುಸೇನೆಯಿಂದ ನಿವೃತ್ತರಾದ ರಾವ್ ಸಾರ್. ನೀನು ಬರೀ ಜೊತೆಗೆ ಬರುತ್ತಿದ್ದವಳು — ತಾರ್ನಾಕದ ಶಾಲೆಯಲ್ಲಿ ವಾರವಿಡೀ ಪಾಠ ಮಾಡಿದ ದಣಿವನ್ನೂ ಲೆಕ್ಕಿಸದೆ, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಒಂದು ದಿನ ರಾವ್ ಸಾರ್ ತಮಾಷೆಗೆಂದು ನಿನ್ನನ್ನೂ ಮೇಲೆ ಕರೆದೊಯ್ದರು. ಇಳಿದವಳೇ, "ರೀ, ನಾನೂ ಕಲೀತೀನ್ರಿ," ಅಂದಿದ್ದೆ ನೀನು. ಎರಡು ವಾರಕ್ಕೆ ಬೇಸರವಾಗುತ್ತದೆ ಬಿಡು ಎಂದುಕೊಂಡು ನಾನು ಹೂಂ ಅಂದೆ.

ಬೇಸರದ ಮಾತಿರಲಿ, ನೀನು ನನ್ನನ್ನು ದಾಟಿಕೊಂಡೇ ಹೋದೆ! ಹಾರುವುದಕ್ಕಿಂತ ಇಳಿಸುವುದು ಕಷ್ಟ. ನೆಲ ಹತ್ತಿರವಾದಾಗ ಕಣ್ಣು ರನ್‌ವೇಯ ಆ ತುದಿಯ ಮೇಲಿರಬೇಕು. ಮೂಗಿನ ಮುಂದಿನ ನೆಲವನ್ನೇ ದಿಟ್ಟಿಸಿದರೆ ಅಂದಾಜು ತಪ್ಪುತ್ತದೆ. ನಾನು ಪ್ರತಿ ಸಲ ದಿಟ್ಟಿಸುತ್ತಿದ್ದೆ, ವಿಮಾನ ಧಡ್ ಎಂದು ಬಡಿದು ಪುಟಿಯುತ್ತಿತ್ತು. ನೀನು ಇಳಿಸಿದರೆ ಚಕ್ರ ನೆಲ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. "ಮೇಡಂ ಕಾ ಹಾಥ್ ದೇಖೋ ಡಾಕ್ಟರ್ ಸಾಬ್, ಮಖ್ಖನ್!" ಎಂದು ರಾವ್ ಸಾರ್ ಎಲ್ಲರೆದುರು ಕೂಗುತ್ತಿದ್ದರು. ಬೆಣ್ಣೆಯಂಥ ಕೈಯಂತೆ ನಿನ್ನದು. ಕೈಯ ನಯದಿಂದಲೇ ಅನ್ನ ಉಣ್ಣುವವನು ನಾನು — ನನ್ನೆದುರು ಆ ಮಾತು! ನಾನು ಚಪ್ಪಾಳೆ ತಟ್ಟುತ್ತಿದ್ದೆ, ಹೊಟ್ಟೆ ಧಗಧಗ ಉರಿಯುತ್ತಿತ್ತು. ದಾರಿಯುದ್ದಕ್ಕೂ ನೀನು ಖುಷಿಯಿಂದ ಮಾತಾಡಿದಷ್ಟೂ ನನಗೆ ಸಿಟ್ಟು. ಒಂದು ರಾತ್ರಿ ಸಾರಿಗೆ ಉಪ್ಪಿಲ್ಲ ಎಂದು ನಿನ್ನ ಮೇಲೆ ಹರಿಹಾಯ್ದೆನಲ್ಲ, ಉಪ್ಪು ಸರಿಯಾಗಿಯೇ ಇತ್ತು.

ರಾವ್ ಸಾರ್ ಅವರದೊಂದು ರೂಢಿಯಿತ್ತು. ಮೊದಲ ಸಲ ಯಾರನ್ನಾದರೂ ಒಂಟಿಯಾಗಿ ಹಾರಲು ಬಿಡುವಾಗ ಅವರಿಗೆ ಮುಂಚೆ ತಿಳಿಸುತ್ತಿರಲಿಲ್ಲ — ಹೆದರಿಕೆ ಹುಟ್ಟೀತೆಂದು. ಮನೆಯವರನ್ನು ಮಾತ್ರ ಗುಟ್ಟಾಗಿ ವಿಚಾರಿಸುತ್ತಿದ್ದರು: ನಿದ್ದೆ ಸರಿಯಾಗಿದೆಯೆ, ಮೈಯಲ್ಲಿ ಹುಷಾರಿದೆಯೆ, ಮನೆಯಲ್ಲಿ ಜಗಳ ಗಿಗಳ... ಆ ಬೆಳಿಗ್ಗೆ ನೀನು ವಿಮಾನದ ಸುತ್ತ ತಿರುಗುತ್ತ ರೆಕ್ಕೆ, ಚಕ್ರ ಮುಟ್ಟಿ ಪರೀಕ್ಷಿಸುತ್ತಿದ್ದಾಗ ಅವರು ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದರು.

"ಆಜ್ ಮೇಡಂ ಕೋ ಅಕೇಲೇ ಛೋಡ್ತೂಂ. ತಬಿಯತ್ ಠೀಕ್ ಹೈ ನಾ?"

ಇವತ್ತು ನಿನ್ನನ್ನು ಒಬ್ಬಳೇ ಹಾರಲು ಬಿಡುತ್ತಾರಂತೆ, ಮೈ ಹುಷಾರಿದೆ ತಾನೇ ಎಂದು ಕೇಳಿದರು. ನಿನಗಿಂತ ಮೊದಲು ಸೇರಿದವನು ನಾನು. ನನ್ನನ್ನು ಇನ್ನೂ ಬಿಟ್ಟಿರಲಿಲ್ಲ. ದನಿ ತಗ್ಗಿಸಿ, ಅವರ ಹಿಂದಿಯಲ್ಲೇ ಹೇಳಿದೆ — ಇವಳು ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಾಳೆ ಸಾರ್. ನಾನು ಹೇಳಿದೆನೆಂದು ಮಾತ್ರ ತಿಳಿಸಬೇಡಿ, ನೊಂದುಕೊಳ್ಳುತ್ತಾಳೆ.

ನೀನು ಬಿದ್ದದ್ದಾದರೂ ಯಾವಾಗ? ಒಂದು ಶಿವರಾತ್ರಿ ನೀರೂ ಮುಟ್ಟದೆ ಉಪವಾಸವಿದ್ದು, ದೇವರ ಮುಂದಿನಿಂದ ಏಳುವಾಗ ಕಣ್ಣು ಕತ್ತಲೆಗಟ್ಟಿ ಬಾಗಿಲು ಹಿಡಿದು ಕೂತೆ, ಅಷ್ಟೆ. ಆ ಒಂದು ಗಳಿಗೆಯನ್ನೇ ಹಿಗ್ಗಿಸಿ ನಾನು ರೋಗ ಮಾಡಿದೆ. ಹಲ್ಲಿನ ಡಾಕ್ಟರಾದರೂ ಡಾಕ್ಟರೇ — ಅವರು ನಂಬಿದರು. ಬಾಯಿ ತಪ್ಪಿ ಬಂದ ಮಾತಲ್ಲ, ಗಿರಿಜಾ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅಳೆದೂ ಸುರಿದೂ ಆಡಿದ ಮಾತು.

ಅವರು ಗುಟ್ಟು ಉಳಿಸಿದರು. "ಇನ್ನೂ ಸ್ವಲ್ಪ ದಿನ, ಮೇಡಂ" ಎಂದು ನಿನ್ನನ್ನು ವಾರದಿಂದ ವಾರಕ್ಕೆ ಮುಂದೂಡಿದರು. ಅಷ್ಟರಲ್ಲಿ ನನ್ನ ಸರದಿ ಬಂತು. ಒಬ್ಬನೇ ಹಾರಿ ಹೇಗೋ ಇಳಿದೆ. ಹಾಗೆ ಬಂದವರ ತಲೆಗೆ ನೀರು ಸುರಿಯುವ ಪದ್ಧತಿ. ಬಕೆಟ್ ಎತ್ತಿದವಳು ನೀನೇ. ಎಷ್ಟು ನಗುತ್ತಿದ್ದೆ! ನಿನ್ನ ಮುಖದಲ್ಲಿ ಚೂರಾದರೂ ಅಸೂಯೆ ಕಂಡೀತೇ ಎಂದು ಹುಡುಕಿದೆ — ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕಾಣಲಿಲ್ಲ.

ಆ ಸಂಜೆ ನೀನು ಕೇಳಿದೆ: "ನನ್ನ ಕೈಯಾಗ ಏನ್ ತಪ್ಪೈತ್ರಿ? ಖರೇ ಹೇಳ್ರಿ, ನಾ ಏನೂ ಅನ್ಕೊಳ್ಳಾಂಗಿಲ್ಲ." ಸರಿಪಡಿಸಲು ಅದೊಂದು ಗಳಿಗೆಯಿತ್ತು. ನಾನು ಅಂದದ್ದು —

"ಎಲ್ಲಾರಿಗೂ ಬರೂದಲ್ಲ, ಬಿಡು."

ನೀನು ಬಿಟ್ಟುಬಿಟ್ಟೆ. ಮರುವಾರದಿಂದ ಮತ್ತೆ ಬರೀ ಡಬ್ಬಿ ಕಟ್ಟಿಕೊಂಡು ಬರತೊಡಗಿದೆ. ನಾನು ಇಷ್ಟು ವರ್ಷ ಹಾರಿದೆ, ನೀನು ನೆರಳಲ್ಲಿ ಕೂತು ಕೈ ಬೀಸಿದೆ.

ಹೋದ ವಾರ ನನ್ನ ತಂಗಿಯ ಮಗಳು ಕಾವ್ಯಾ ಬಂದು, "ಅತ್ತಿ, ನಾನೂ ಮಾಮಾನ ಹಂಗ ವಿಮಾನ ಕಲೀಲೇನು?" ಎಂದಾಗ ನೀನು ಹೇಳಿದ್ದೇನು? "ಕಲಿಯವ್ವಾ. ನನಗಂತೂ ಬರಲಿಲ್ಲ, ನನ್ನ ಕೈ ಅದಕ್ಕಲ್ಲ. ನಿಮ್ಮ ಮಾಮಾಂದು ಭಾಳ ಚೊಲೋ ಕೈ." ನಾನು ಕಸಿದದ್ದು ಒಂದು ಬೆಳಗಿನ ಹಾರಾಟ ಎಂದುಕೊಂಡಿದ್ದೆ. ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೇ ತಿಂದು ಕೂತಿದ್ದೇನೆ.

ನಿನ್ನೆ ರಾವ್ ಸಾರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಈಗ ಅವರಿಗೆ ಕಿವಿ ಮಂದ. ಕೂಗಿ ಕೂಗಿ ಹೇಳಬೇಕಾಯಿತು, ಒಳಗಿದ್ದ ಸೊಸೆಗೂ ಕೇಳಿಸಿತು. ಎಲ್ಲ ಕೇಳಿದ ಮೇಲೆ ಅವರು, ತಾವು ಕಲಿಸಿದವರಲ್ಲಿ ಅಂಥ ಕೈ ಮತ್ತೊಂದು ಸಿಗಲಿಲ್ಲ ಎಂದರು. ಚಹಾ ಕುಡಿದು ಹೋಗು ಅನ್ನಲಿಲ್ಲ.

ಇನ್ನೊಂದನ್ನು ಮುಚ್ಚಿಟ್ಟರೆ ಇದೂ ಸುಳ್ಳಾಗುತ್ತದೆ. ಅವರು ಹಾಗೆಂದಾಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ — ಅದೇ ಹಳೆಯ ಹೊಟ್ಟೆಕಿಚ್ಚು. ಕೂದಲು ನರೆತರೂ ಅದು ನರೆಯಲಿಲ್ಲ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ಕಾವ್ಯಾಳಿಗೆ ನಾನೇ ಹೇಳುತ್ತೇನೆ, ಅಂದು ಮೈದಾನದಲ್ಲಿದ್ದವರಿಗೂ ಹೇಳುತ್ತೇನೆ. ನೀನು ಮತ್ತೆ ಕಲಿಯಲು ಹೊರಟರೆ, ನನ್ನನ್ನು ಜೊತೆಗೆ ಬರಗೊಟ್ಟರೆ, ಕರೆದುಕೊಂಡು ಹೋಗಿ ಬೇಲಿಯಾಚೆ ನಿಲ್ಲುತ್ತೇನೆ. ನೀನು ಒಬ್ಬಳೇ ಮೇಲೇರುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಉರಿಯಲಿ. ಬಾಯಿ ಮಾತ್ರ ತೆರೆಯುವುದಿಲ್ಲ.