ಎಡಗಣ್ಣು ಉಳಿಸಿದ ಡಾಕ್ಟರ್ ಬಾಯಾರು

ರೆಪ್ಪೆ ಮುಟ್ಟುವ ಮೊದಲು ಅವರು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಸಣ್ಣ ಬೆರಳುಗಳು, ತುದಿಯಲ್ಲಿ ಲವಂಗದ ವಾಸನೆ. ಅಬಿಡ್ಸ್ ಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಅವರ ಕಣ್ಣಿನ ದವಾಖಾನೆ. ಮೂಲ ಬೀದರ್ ಕಡೆ. ತೆಲುಗು, ಹಿಂದಿಯಲ್ಲಿ ವಿಚಾರಿಸುತ್ತಿದ್ದವರು ನಮ್ಮ ಕನ್ನಡ ಕಿವಿಗೆ ಬಿದ್ದೊಡನೆ ಕುರ್ಚಿ ಹತ್ತಿರ ಎಳೆದುಕೊಂಡರು. ಹೆಣ್ಣುಮಕ್ಕಳನ್ನು ಗೌರವದಿಂದ ‘ಬಾಯಿ’ ಎನ್ನುವ ನಮ್ಮ ಕಡೆಯ ರೂಢಿಯಂತೆ ನಾವು ಅವರನ್ನು ಡಾಕ್ಟರ್ ಬಾಯಾರು ಎನ್ನುತ್ತಿದ್ದೆವು.

ನಾನು ಅದೇ ಊರಿನ ನಾಚಾರಂನ ಕಾರ್ಖಾನೆಯೊಂದರಲ್ಲಿ ಲೋಹದ ಅಚ್ಚುಗಳಿಗೆ ಸಣ್ಣ ಗೆರೆ ಕೊರೆಯುವವನು. ಕಣ್ಣೇ ನನ್ನ ಅನ್ನ. ಆ ಬೇಸಿಗೆ ಎಡಗಣ್ಣಿಗೆ ಹೊಗೆ ಕವಿದಂತಾಗಿ ಗೆರೆಗಳು ಕರಗತೊಡಗಿದವು. ಬಾಯಾರು ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ರಕ್ತಪರೀಕ್ಷೆಯ ಬಳಿಕ ಟಾಕ್ಸೊಪ್ಲಾಸ್ಮಾ ಎಂಬ ಹೆಸರು ಹೇಳಿದರು. ಬರಿಗಣ್ಣಿಗೆ ಕಾಣದ ಪರೋಪಜೀವಿ, ಬೆಕ್ಕಿನಿಂದಲೂ ಬರುತ್ತದಂತೆ.

ಅಷ್ಟು ಕೇಳಿದ್ದೇ, ಜೊತೆಗೆ ಬಂದಿದ್ದ ನಮ್ಮವ್ವ ಪಕ್ಕದಲ್ಲಿದ್ದ ನನ್ನ ಹೆಂಡತಿಯತ್ತ ತಿರುಗಿದಳು. “ನಿನ್ನ ಬೆಕ್ಕು ಇವತ್ತ ಚೀಲದಾಗ ಹಾಕಿ ದೂರ ಬಿಟ್ಟು ಬಾ.”

“ಯಾಕ್ರಿ ಅವ್ವಾರ?” ಎಂದರು ಬಾಯಾರು. “ಇವರ ಕಣ್ಣೊಳಗ ಹಳೇ ಕಲೆ ಐತಿ. ಸಣ್ಣವರಿದ್ದಾಗ ಮಣ್ಣಿನಿಂದ ಬಂತೋ, ಅರೆಬೆಂದ ಮಾಂಸದಿಂದ ಬಂತೋ, ನನಗೂ ಗೊತ್ತಿಲ್ಲ. ಅದರ ಪಕ್ಕದಾಗ ಈಗ ಮತ್ತ ಎದ್ದೈತಿ. ಬೆಕ್ಕು ಇರಲಿ. ಅದರ ಹೊಲಸು ದಿನಾ ತೆಗೀರಿ, ಕೈ ತೊಳಕೋರಿ.”

ಹೆಂಡತಿ ಅಲ್ಲೇ ಕಣ್ಣೊರೆಸಿಕೊಂಡಳು.

ಮೊದಲು ರೋಗಾಣುವನ್ನು ಹತ್ತಿಕ್ಕುವ ಸಲ್ಫಾ ಗುಳಿಗೆ, ಕೆಲವು ದಿನ ಬಿಟ್ಟು ಊತ ಇಳಿಸುವ ಸ್ಟಿರಾಯ್ಡ್. “ಇವನ್ನ ಹಿಂದ ಮುಂದ ಮಾಡಿ ನುಂಗಬ್ಯಾಡ್ರಿ. ಮೈಮ್ಯಾಲ ಗಂಧಿ ಎದ್ರ ಫೋನ್ ಮಾಡ್ರಿ,” ಎಂದಿದ್ದರು.

ಹೊಗೆ ತೆಳುವಾಗುತ್ತಿದ್ದಾಗಲೇ ಮೈತುಂಬ ತುರಿಕೆಯ ಗಂಧೆ ಎದ್ದಿತು. ಔಷಧಿ ನಿಲ್ಲಿಸಿದರೆ ಕಣ್ಣು ಹೋದೀತೆಂದು ನಾನು ಅಂಗಿಯ ತೋಳು ಇಳಿಸಿ ಮುಚ್ಚಿಕೊಂಡೆ. ಹೆಂಡತಿ ಸುಮ್ಮನಿರಲಿಲ್ಲ, ಫೋನ್ ಮಾಡಿದಳು. ಬೈಯುತ್ತಾರೆಂದುಕೊಂಡಿದ್ದೆ. ಬಾಯಾರು ನಕ್ಕರು.

“ಔಷಧ ಒಗ್ಗಲಿಲ್ಲಂದ್ರ ನೀವೇನು ನಪಾಸಾದಂಗಲ್ಲ. ಅದನ್ನ ಈಗ್ಲೇ ಬಿಡ್ರಿ, ಬ್ಯಾರೆ ಐತಿ.”

ಅಂದೇ ಕರೆಸಿಕೊಂಡು ಮೈ ನೋಡಿ, ಗುಳಿಗೆ ಬದಲಿಸಿದರು. ಗಂಧೆ ಇಳಿಯಿತು, ಕಣ್ಣೂ ತಿಳಿಯಾಗುತ್ತ ಹೋಯಿತು.

ಚಿಕಿತ್ಸೆ ಮುಗಿದ ದಿನ ಬಲಗಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದರು. ತೀರ ಸಣ್ಣ ಸಾಲನ್ನೂ ಓದಿದೆ. ಬಾಯಾರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. “ಆ ಊತ ನೋಟದ ನಟ್ಟನಡುವಿಗೆ ಕೂದಲೆಳಿಯಷ್ಟ ದೂರ ಇತ್ತು ನೋಡ್ರಿ. ನನಗ ಭಾಳ ಅಂಜಿಕಿ ಆಗಿತ್ತು.” ಅಷ್ಟು ದಿನ ಅವರ ಮುಖದಲ್ಲಿ ಅದರ ಸುಳಿವೂ ಇರಲಿಲ್ಲ.

ಕಲೆ ಉಳಿದಿದೆ. ರೋಗ ಮತ್ತೆ ಎದ್ದೀತು, ಕಣ್ಣು ಮಸುಕಾದರೆ ತಡಮಾಡದೆ ಬನ್ನಿ ಎಂದು ಎಚ್ಚರಿಸಿದ್ದರು. ಈವರೆಗೆ ಎದ್ದಿಲ್ಲ.

ಕಳೆದ ವರ್ಷ ಬಾಯಾರು ತೀರಿಕೊಂಡರು. ಸುದ್ದಿ ಬಂದಾಗ ನಾನು ಕೆಲಸದಲ್ಲಿದ್ದೆ. ಯಂತ್ರ ನಿಲ್ಲಿಸಿದೆ. ಆಮೇಲೆ ಮತ್ತೆ ಚಾಲೂ ಮಾಡಿ, ಅರ್ಧಕ್ಕೆ ಬಿಟ್ಟ ಗೆರೆಯನ್ನು ಕೊರೆದು ಮುಗಿಸಿದೆ. ಅವರು ಉಳಿಸಿಕೊಟ್ಟ ಕಣ್ಣಿನಿಂದ ಅವರಿಗೆ ಸಲ್ಲಿಸಬಹುದಾದ ಬೇರೆ ಗೌರವ ನನಗೆ ತಿಳಿಯಲಿಲ್ಲ.