ಭಾವನ ಫ್ಲೆಕ್ಸ್‌ನಲ್ಲಿ ಅಕ್ಕನ ಮಗಳು

ನನ್ನ ಅಕ್ಕನ ಗಂಡ ಇಪ್ಪತ್ತು ವರ್ಷದಿಂದ ಫ್ಲೆಕ್ಸ್ ಮುದ್ರಿಸುತ್ತಿದ್ದಾರೆ. ಮನುಷ್ಯ ಕಡಿಮೆ ಮಾತಿನವರು. ಆಡಿದರೂ ಅಡಿ ಲೆಕ್ಕದಲ್ಲಿ. ನನ್ನ ಮಗು ಹುಟ್ಟಿದ ದಿನ ಬಗ್ಗಿ ನೋಡಿ, "ಒಂದೂಮುಕ್ಕಾಲು ಅಡಿ ಇರಬಹುದು," ಎಂದಿದ್ದರು. ನರ್ಸ್ ಅಳೆದಾಗಲೂ ಅಷ್ಟೇ ಇತ್ತು.

ಅವರದೊಂದು ಪದ್ಧತಿ. ಗಿರಾಕಿ ಫೋಟೊ ಕಳಿಸುವುದು ತಡವಾದರೆ ಆ ಜಾಗದಲ್ಲಿ ಮಗಳ ಫೋಟೊ ಇಟ್ಟು ವಿನ್ಯಾಸ ಮುಗಿಸುತ್ತಾರೆ, ಆಮೇಲೆ ಬದಲಿಸುತ್ತಾರೆ. ಹೀಗೆ ಹದಿನಾಲ್ಕು ತುಂಬುವುದರೊಳಗೆ ಹುಡುಗಿ ಅಂಗಡಿಯ ಕಂಪ್ಯೂಟರಿನಲ್ಲಿ ಮದುಮಗಳಾಗಿ, ಹಲ್ಲಿನ ಡಾಕ್ಟರಾಗಿ, ಒಮ್ಮೆ ನಿವೃತ್ತ ಹೆಡ್‌ಮಾಸ್ಟರಾಗಿಯೂ ಇದ್ದಳು. ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಮಕ್ಕಳ ಕಲ್ಯಾಣದ ಕಚೇರಿಯಿಂದ ಸೈಬರ್ ಕಿರುಕುಳದ ವಿರುದ್ಧ ಜಾಗೃತಿಯ ಕೆಲಸ ಬಂತು. ಹನ್ನೆರಡು ಬಸ್ ತಂಗುದಾಣಗಳಿಗೆ ಫ್ಲೆಕ್ಸ್. ಅಳುವ ಹುಡುಗಿಯ ಫೋಟೊ ಕಳಿಸುತ್ತೇವೆ ಎಂದಿದ್ದರು. ಬರುವವರೆಗೆ ಇರಲಿ ಎಂದು ಭಾವ, ಮಗಳು ಹಲ್ಲು ಕೀಳಿಸಿಕೊಂಡ ದಿನದ ಫೋಟೊ ಇಟ್ಟರು. ಒಂದು ಕೆನ್ನೆ ಊದಿತ್ತು, ಬಾಯಿ ಸೊಟ್ಟಗಿತ್ತು. ಮಾದರಿ ನೋಡಿದ ಕಚೇರಿ "ತುಂಬ ಸಹಜವಾಗಿದೆ" ಎಂದು ಒಪ್ಪಿಬಿಟ್ಟಿತು. ಅಂದು ಭಾವ ಜ್ವರ ಹಿಡಿದು ಮಲಗಿದ್ದರು. ಮೆಷಿನ್ ನಡೆಸುವ ಹೆಂಗಸು ಒಪ್ಪಿಗೆ ಬಂದಿದೆಯೆಂದು ಹನ್ನೆರಡನ್ನೂ ಮುದ್ರಿಸಿ ಕಳಿಸಿದಳು. ಎಂಟಡಿ ಅಗಲ. ಮೇಲೆ ದಪ್ಪ ಅಕ್ಷರ: "ಇವಳನ್ನು ನೋಡಿ ನಗಬೇಡಿ."

ಅಲ್ಲಿಯವರೆಗೆ ಯಾರೂ ನಕ್ಕಿರಲಿಲ್ಲ. ಮರುದಿನ ತರಗತಿಯ ಗ್ರೂಪಿನಲ್ಲಿ ಆ ಮುಖ ಸ್ಟಿಕ್ಕರ್ ಆಯಿತು. ಹುಡುಗಿ ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಇನ್ನು ಹೋಗುವುದೇ ಇಲ್ಲವೆಂದು ಕೋಣೆಯ ಬಾಗಿಲು ಹಾಕಿಕೊಂಡಳು.

"ಇಡೋಕೆ ನಿಮ್ಮ ಮುಖಕ್ಕೇನಾಗಿತ್ತು?" ಎಂದಳು ಅಕ್ಕ.

"ಅಳೋ ಫೋಟೊ ನಂದಿರಲಿಲ್ಲ."

"ಈಗ ತೆಗೀಲಾ ಒಂದು ಫೋಟೊ?"

ಭಾವ ಕಚೇರಿಗೆ ಹೋದರು. "ಜನ ನಿಂತು ನೋಡ್ತಿದ್ದಾರೆ ಕಣ್ರೀ, ಒಳ್ಳೇ ಪ್ರತಿಕ್ರಿಯೆ," ಎಂದರು ಅಧಿಕಾರಿ ಮೇಡಂ.

"ಅವಳು ನನ್ನ ಮಗಳು, ಮೇಡಂ."

ಮೇಡಂ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಇಳಿಸಿಬಿಡಿ. ಬೇರೆ ಹಾಕಿ."

ಮನೆಗೆ ಬಂದು ಭಾವ ಮುಚ್ಚಿದ ಬಾಗಿಲಿನ ಮುಂದೆ ನಿಂತರು. "ತಪ್ಪು ನಂದು ಕಣಮ್ಮ. ಹನ್ನೆರಡೂ ಇಳಿಸ್ತೀನಿ. ಬದಲಿಗೆ ಏನು ಹಾಕ್ಲಿ, ನೀನೇ ಹೇಳು." ಅವರು ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಳಗಿಂದ ಉತ್ತರ ಬಂತು. "ಮುಖ ಬೇಡಪ್ಪ. ಯಾರ್ದೂ ಬೇಡ. 'ನೀನು ಕಳಿಸಿದ್ದನ್ನ ಅವಳಪ್ಪನೂ ನೋಡಿದ' ಅಂತ ಬರಿ, ಸಾಕು."

ಭಾವ ಅದನ್ನೇ ಮುದ್ರಿಸಿದರು. ಬದಲಿಸಲು ಹೊರಟಾಗ ಹುಡುಗಿ ಚಪ್ಪಲಿ ಮೆಟ್ಟಿ ತಾನೇ ಬಂದು ಏಣಿ ಹಿಡಿದಳು. ನಾನು ಮಗುವನ್ನೆತ್ತಿಕೊಂಡು ಮೊಳೆ ಡಬ್ಬಿ ಹಿಡಿದೆ. ಶಾಲೆಯ ಹತ್ತಿರದ ತಂಗುದಾಣದಲ್ಲಿ ಅವಳ ತರಗತಿಯ ಹುಡುಗಿಯೊಬ್ಬಳು ಬಸ್ಸಿಗೆ ಕಾಯುತ್ತಿದ್ದಳು.

"ಇದು ನೀನೇ ಅಲ್ವೇನೇ?" ಎಂದಳು ಹಳೆಯ ಫ್ಲೆಕ್ಸ್ ನೋಡಿ.

"ಹೌದು. ನೀನೂ ಸ್ಟಿಕ್ಕರ್ ಕಳಿಸ್ದೆ ಅಲ್ವಾ?"

"...ಎರಡೇ ಸಲ."

"ಬಾ, ಆ ತುದಿ ಹಿಡ್ಕೋ. ಅಪ್ಪನ ಕೈ ಸಾಲಲ್ಲ."

ಆ ಹುಡುಗಿ ಬ್ಯಾಗು ಕೆಳಗಿಟ್ಟು ಹಿಡಿದುಕೊಂಡಳು. ಹೊಸದಕ್ಕೆ ಮೊಳೆ ಹೊಡೆಯುವಾಗ ಅದನ್ನು ಓದಿದಳು. ಅವಳ ಬಸ್ ಬಂದು ಹೋಯಿತು.

ಮರುದಿನ ಅಕ್ಕನ ಮಗಳು ಶಾಲೆಗೆ ಹೊರಟಳು. ಅರ್ಧದಲ್ಲೇ ವಾಪಸ್ಸು ಬಂದಾಳು ಎಂದು ಅಕ್ಕ ಮಧ್ಯಾಹ್ನಕ್ಕೆ ಒಂದು ತಟ್ಟೆ ಹೆಚ್ಚೇ ಇಟ್ಟಿದ್ದಳು. ಹುಡುಗಿ ಬಂದದ್ದು ನಾಲ್ಕೂವರೆಗೆ, ಹಸಿವು ಅನ್ನುತ್ತ.