ಹಿಟ್ಟಿನಲ್ಲಿ ಅಳೆದ ಹಿಡಿ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಎರಡು ಚಾಕುಗಳ ಪಂಚಾಯಿತಿ ನಡೆಯುತ್ತಿತ್ತು. ಒಂದು ನನ್ನ ಅಣ್ಣನದು, ಇನ್ನೊಂದು ಅವನ ಗೆಳೆಯನದು. ಇಬ್ಬರೂ ರಬಾಳೆಯ ಒಂದೇ ಕಾರ್ಖಾನೆಯಲ್ಲಿದ್ದರು. ವಾರವಿಡೀ ಠಾಣೆ ಪಟ್ಟಣದಿಂದ ಬಸ್ಸು ಹಿಡಿದು ಕೆಲಸಕ್ಕೆ ಹೋಗುವುದು, ರಜೆಯ ದಿನ ಕರ್ಜತ್ ಲೋಕಲ್ ರೈಲು ಹತ್ತಿ ಗುಡ್ಡ ಸುತ್ತುವುದು, ಅಲ್ಲಿ ಒಣ ಕಟ್ಟಿಗೆ ಸೀಳಿ ಒಲೆ ಹೂಡಿ ಚಹಾ ಕಾಸುವುದು. ಆ ಚಹಾಕ್ಕೆ ಅಂಗಡಿಯ ಚಾಕು ಆಗುವುದಿಲ್ಲವಂತೆ, ತಾವೇ ಮಾಡಿದ್ದು ಬೇಕಂತೆ. ಹುಚ್ಚು ಹತ್ತಿದವರಿಗೆ ಬುದ್ಧಿ ಹೇಳಲು ಹೋಗಬಾರದೆಂದು ಅಮ್ಮ ಸುಮ್ಮನಿರುತ್ತಿದ್ದಳು. ನನಗೆ ಸುಮ್ಮನಿರಲು ಬರುತ್ತಿರಲಿಲ್ಲ, ಹಾಗಾಗಿ ತೀರ್ಪು ಹೇಳುವ ಕೆಲಸ ನನ್ನ ತಲೆಗೆ ಬಿತ್ತು.

ಅಣ್ಣನದು ಯಂತ್ರದ ಗರಗಸದ ಹಳೆಯ ಪಟ್ಟಿಯನ್ನು ಸಾಣೆ ಹಿಡಿದು ಮಾಡಿದ ಚಾಕು. ಒಮ್ಮೆ ಹರಿತ ಮಾಡಿದರೆ ತಿಂಗಳುಗಟ್ಟಲೆ ಕೂದಲು ಕತ್ತರಿಸುತ್ತಿತ್ತು, ಆದರೆ ಗಂಟು ಕಟ್ಟಿಗೆಗೆ ಜೋರಾಗಿ ಹೊಡೆದರೆ ಅಂಚು ಚಕ್ಕೆ ಏಳುತ್ತಿತ್ತು. ಗೆಳೆಯನದು ಲಾರಿಯ ಪಟ್ಟಾ ಸ್ಪ್ರಿಂಗನ್ನು ಕಾಸಿ ಬಡಿದದ್ದು. ಬೇಗ ಮೊಂಡಾಗುತ್ತಿತ್ತು, ಆದರೆ ಯಾವ ಕಲ್ಲಿಗೆ ನಾಲ್ಕು ಸಲ ಉಜ್ಜಿದರೂ ಮತ್ತೆ ಸರಿಹೋಗುತ್ತಿತ್ತು. ಇಷ್ಟಕ್ಕೆ ಮುಗಿದಿದ್ದರೆ ಪರವಾಗಿರಲಿಲ್ಲ. ನಿಜವಾದ ಜಗಳ ಇದ್ದದ್ದು ಒರೆಯ ಮೇಲೆ.

ನಮ್ಮದು ಉಡುಪಿ ಕಡೆಯ ಮನೆ. ಊರಿನಲ್ಲಿ ತೆಂಗಿನ ಮರ ಹತ್ತುವವರು ಕತ್ತಿಯನ್ನು ಬೆನ್ನ ಹಿಂದೆ ಮರದ ಒರೆಯಲ್ಲಿ ಸಿಕ್ಕಿಸಿಕೊಳ್ಳುವುದನ್ನು ನೋಡಿದ್ದ ಅಣ್ಣ, ಹಲಸಿನ ಮರದ ಎರಡು ಹೋಳು ಕೊರೆದು ತಾಮ್ರದ ತಂತಿ ಸುತ್ತಿ ಅಂಥದೇ ಒಂದು ಮಾಡಿಕೊಂಡಿದ್ದ. ಗೆಳೆಯ ವಿಜಯಪುರ ಕಡೆಯವನು, ದಿವಾದಲ್ಲಿ ಒಂದೇ ಕೋಣೆಯ ಸಂಸಾರ. ಅವನದು ಎಮ್ಮೆಯ ಚರ್ಮದ ಒರೆ. ನೆನೆಸಿ, ಚಾಕುವಿನ ಮೇಲೇ ಒಣಗಿಸಿ, ಮೇಣ ಉಜ್ಜಿದ ದಾರದಲ್ಲಿ ಹೊಲಿದು, ಸೊಂಟದ ಪಕ್ಕಕ್ಕೆ ನೇತುಹಾಕುವಂಥದು. ನಡೆಯುವಾಗ ಅಣ್ಣನ ಒರೆ ಕಟಕಟ ಎನ್ನುತ್ತದೆ, ಮಳೆಯಲ್ಲಿ ಉಬ್ಬಿ ಚಾಕುವನ್ನು ಬಿಡುವುದೇ ಇಲ್ಲ ಎಂದು ಗೆಳೆಯ ಆಡಿಕೊಳ್ಳುತ್ತಿದ್ದ. ಚರ್ಮ ಬೂಷ್ಟು ಹಿಡಿದು ಅಲಗಿಗೆ ತುಕ್ಕು ಹಿಡಿಸುತ್ತದೆ ಎಂದು ಅಣ್ಣ. ಎರಡೂ ನಿಜವಾಗಿದ್ದರಿಂದ ನಾನು ಮನಸ್ಸಿಗೆ ಬಂದಂತೆ ತೀರ್ಪು ಕೊಡುತ್ತಿದ್ದೆ. ಸೋತವನು ಎಲ್ಲರಿಗೂ ಬಟಾಟೆ ವಡೆ ತರಬೇಕಿತ್ತು.

ಹಾಗಿರುವಾಗ ಒಂದು ಮಳೆಗಾಲದಲ್ಲಿ ಕಾರ್ಖಾನೆಯ ಪ್ರೆಸ್ ಯಂತ್ರ ಅಣ್ಣನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು, ತೋರುಬೆರಳು ಮತ್ತು ನಡುಬೆರಳು. ಗಾಯ ಮಾಗಿತು. ಅಣ್ಣ ಮಾಗಲಿಲ್ಲ. ಕಿಟಕಿಯ ಪಕ್ಕ ಕೂತು ಬಲಗೈಯನ್ನು ಲುಂಗಿಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದ. ಅಮ್ಮ ಅನ್ನ ಕಲಸಿ ಕೊಡುತ್ತಿದ್ದಳು, ಅಪ್ಪ ಅಂಗಿಯ ಗುಂಡಿ ಹಾಕುತ್ತಿದ್ದರು, ನೀರಿನ ಲೋಟವನ್ನೂ ನಾವು ಅವನ ಎಡಗೈಯಲ್ಲೇ ಇಡುತ್ತಿದ್ದೆವು. ಕಾರ್ಖಾನೆಯವರು ಸ್ಟೋರ್ಸಿನಲ್ಲಿ ಬೇರೆ ಕೆಲಸ ಕೊಡುತ್ತೇವೆಂದರೂ ಅವನು ಹೋಗಲೊಪ್ಪಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆ ದಿನಗಳಲ್ಲಿ ಅವನ ಮೇಲೆ ರೇಗಲು ಬಾಯಿ ಬರಲಿಲ್ಲ. ನನ್ನ ಅಣ್ಣ ಇನ್ನು ಹೀಗೇ ಕೂತುಬಿಡುತ್ತಾನೆಂದು ಭಯವಾಗಿತ್ತು.

ಅದಾದ ಮೇಲೆ ಗೆಳೆಯ ಮೊದಲ ಸಲ ಬಂದಾಗ ಎಡಗಡೆಗೆ ಕಟ್ಟಿಕೊಳ್ಳುವ ಹೊಸ ಚರ್ಮದ ಒರೆ ಹೊಲಿದು ತಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಅಣ್ಣ ಅದನ್ನು ನೋಡಿದ, ತಿರುಗಿಸಿದ, ಮೂಲೆಗೆ ಎಸೆದ.

"ನಾನು ಎಡಚ ಅಲ್ಲ ಮಾರಾಯ," ಎಂದ. "ನನ್ನ ಬಲಗೈ ಇನ್ನೂ ಇಲ್ಲೇ ಉಂಟು."

ಅಮ್ಮನ ಮುಖ ಸಣ್ಣದಾಯಿತು. ಗೆಳೆಯ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಅಮ್ಮ ಆಗ ರಾತ್ರಿಯ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ಅವನು ನೇರ ಒಳಗೆ ಹೋಗಿ ಒಂದು ದೊಡ್ಡ ಉಂಡೆ ಕೇಳಿ ತಂದು, ಅದನ್ನು ಉದ್ದಕ್ಕೆ ಉರುಳಿಸಿ ಅಣ್ಣನ ಮುಂದೆ ಹಿಡಿದ. ಬಲಗೈ ಇಲ್ಲೇ ಐತಲ್ಲ, ಹಂಗಾದ್ರ ಇದನ್ನ ಹಿಚುಕು ನೋಡೋಣ ಎಂದ. ಅಣ್ಣ ಇವನಿಂದ ಪಾರಾದರೆ ಸಾಕೆಂಬ ಮುಖ ಮಾಡಿ, ಲುಂಗಿಯ ಮಡಿಕೆಯಿಂದ ಕೈ ತೆಗೆದು ಹಿಚುಕಿದ. ಹಿಟ್ಟಿನಲ್ಲಿ ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು, ಮೂರರ ಗುರುತು ಆಳವಾಗಿ ಮೂಡಿತು. ಗೆಳೆಯ ಅದನ್ನು ಅಮ್ಮನ ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಹೊರಟ. ದಿವಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಮನುಷ್ಯರೇ ಚಪ್ಪಟೆಯಾಗುತ್ತಾರೆ, ಡಬ್ಬಿಯನ್ನು ತಲೆಯ ಮೇಲೆ ಹಿಡಿದುಕೊಂಡು ಇಳಿದೆ ಎಂದು ಆಮೇಲೆ ಹೇಳಿದ.

ಮುಂದೆ ಕೆಲವು ವಾರ ಅವನು ಈ ಕಡೆ ತಲೆಹಾಕಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಬಂದ. ಚೀಲದಿಂದ ಹೊಸ ಚಾಕು ತೆಗೆದ. ಅಲಗು ಅವನ ಎಂದಿನ ಸ್ಪ್ರಿಂಗಿನದೇ, ಹಿಡಿ ಮಾತ್ರ ನಾನು ಎಲ್ಲೂ ನೋಡದಂಥದು. ಜಾಲಿಮರದ್ದು, ಮುಂದೆ ಸಪೂರ, ಹಿಂದೆ ದಪ್ಪ, ತುದಿಯಲ್ಲಿ ಕಿರುಬೆರಳು ಸಿಕ್ಕಿಕೊಳ್ಳಲು ಒಂದು ಕೊಕ್ಕೆ, ಮೇಲೆ ಹೆಬ್ಬೆರಳಿಗೆ ತಗ್ಗು. ಒರೆ ಬಲಗಡೆಯದು. ಬಾಯಿಯ ಹತ್ತಿರ ಚರ್ಮದ ಸಣ್ಣ ತುಟಿ ಬಿಟ್ಟಿದ್ದ, ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಚಾಕು ತಾನೇ ಸಡಿಲಾಗುತ್ತಿತ್ತು.

ಅಮ್ಮ ಅಭ್ಯಾಸದಂತೆ ಅದನ್ನು ತೆಗೆದು ಮಗನ ಕೈಗೆ ಕೊಡಲು ಮುಂದಾದಳು. ಗೆಳೆಯ ಅಡ್ಡ ಬಂದ. ಕಬ್ಬಿಣದ ಹರಿತ ಸಾಮಾನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅವನ ಊರಲ್ಲೂ ನಮ್ಮ ಊರಲ್ಲೂ ನಂಬಿಕೆ. ಅವನು ಚಾಕುವನ್ನು ಒರೆ ಸಮೇತ ಅಣ್ಣನ ಮುಂದೆ ನೆಲದ ಮೇಲಿಟ್ಟ.

"ಕೈಯಾಗ ಕೊಡಂಗಿಲ್ಲ," ಎಂದ. "ಬೇಕಾದ್ರ ನೀನ ತಗೋ. ಬ್ಯಾಡಾದ್ರ ಅಲ್ಲೇ ಬಿದ್ದಿರಲಿ."

ಅಷ್ಟು ತಿಂಗಳಲ್ಲಿ ಯಾವ ವಸ್ತುವನ್ನೂ ಅಣ್ಣ ತಾನಾಗಿ ಎತ್ತಿಕೊಂಡಿರಲಿಲ್ಲ, ನಾವು ಬಿಟ್ಟಿರಲೂ ಇಲ್ಲ. ಅವನು ಬಗ್ಗಿ ಬಲಗೈ ಚಾಚಿದ. ಮೊದಲ ಸಲ ಜಾರಿತು. ಎರಡನೆಯ ಸಲ ಕೊಕ್ಕೆಗೆ ಕಿರುಬೆರಳು ಸಿಕ್ಕಿ, ಚಾಕು ನೆಲ ಬಿಟ್ಟು ಮೇಲೆ ಬಂತು. ಹೆಬ್ಬೆರಳು ಒತ್ತಿ ಒರೆಯಿಂದ ಎಳೆದ, ಮತ್ತೆ ಒಳಗೆ ಹಾಕಿದ, ಮತ್ತೆ ಎಳೆದ. ಊಟಕ್ಕೆ ಕರೆದರೂ ಏಳಲಿಲ್ಲ.

ಆ ವಾರವೇ ಗುಡ್ಡಕ್ಕೆ ಹೋದೆವು. ಅಮ್ಮನ ಒತ್ತಾಯಕ್ಕೆ ನಾನೂ ಜೊತೆಗೆ. ಬದ್ಲಾಪುರದ ಆಚೆ ಒಂದು ಹಳ್ಳದ ಪಕ್ಕ ಕೂತು ಹಳೆಯ ಪಂಚಾಯಿತಿ ಶುರುವಾಯಿತು. ಅಣ್ಣನ ಕೈಯಲ್ಲಿ ಹೊಸ ಚಾಕು. ಗೆಳೆಯ ಅಣ್ಣನ ಹಳೆಯ ಚಾಕುವನ್ನೇ ಕೇಳಿ ತೆಗೆದುಕೊಂಡು, ತಾನು ಅಷ್ಟು ವರ್ಷ ಗೇಲಿ ಮಾಡಿದ್ದ ಮರದ ಒರೆಯನ್ನು ಬೆನ್ನಿಗೆ ಸಿಕ್ಕಿಸಿಕೊಂಡಿದ್ದ. ಪಂದ್ಯ ಇಷ್ಟೇ: ಒಣ ಕಡ್ಡಿಯನ್ನು ತುದಿಯಿಂದ ತೆಳ್ಳಗೆ ಸುರುಳಿ ಸುರುಳಿಯಾಗಿ ಹೆರೆಯಬೇಕು, ಸುರುಳಿ ಉದುರಬಾರದು, ಒಂದೇ ಬೆಂಕಿಕಡ್ಡಿಗೆ ಅದು ಹತ್ತಿಕೊಳ್ಳಬೇಕು. ಅಣ್ಣ ಹೆರೆಯುತ್ತಿದ್ದಂತೆ ಹಿಡಿ ಅಂಗೈಯಲ್ಲಿ ಹೊರಳಿತು, ಸುರುಳಿಗಳು ಅರ್ಧಕ್ಕೇ ಉದುರಿದವು. ಗೆಳೆಯನ ಕಡ್ಡಿ ಭಗ್ಗೆಂದು ಹತ್ತಿತು.

ಇಬ್ಬರೂ ನನ್ನ ಮುಖ ನೋಡಿದರು. ಅಣ್ಣನೇ ಗೆದ್ದ ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಆ ಸುಳ್ಳನ್ನು ಹೇಳಿದ್ದರೆ ಅವನು ಮತ್ತೆ ಕಿಟಕಿಯ ಪಕ್ಕ ಹೋಗಿ ಕೂರುತ್ತಿದ್ದ. ನೀನು ಸೋತೆ, ವಡೆ ನೀನೇ ತರಬೇಕು ಎಂದು ಅಣ್ಣನಿಗೆ ಹೇಳಿದೆ.

ಅಣ್ಣನಿಗೆ ಉರಿಯಿತು. "ಎಂತ ಸೋತದ್ದು? ಬೆಂಕಿ ಹತ್ತಿಸಿದ್ದು ನಾನು ಮಾಡಿದ ಚಾಕು!"

"ಚಾಕು ನಿಂದ, ಖರೆ," ಎಂದ ಗೆಳೆಯ. "ಹತ್ತಿಸಿದ್ದು ನನ್ನ ಕೈ."

ನಮ್ಮ ಮನೆಯವರಾರೂ ತಿಂಗಳುಗಳಿಂದ ಅಣ್ಣನೆದುರು ಕೈ ಎಂಬ ಮಾತೇ ಎತ್ತಿರಲಿಲ್ಲ. ಅಣ್ಣ ಎದ್ದುನಿಂತು ಬಲಗೈಯನ್ನು ಗೆಳೆಯನ ಮೂಗಿನ ಮುಂದೆ ಚಾಚಿ ಕೂಗಾಡತೊಡಗಿದ. ಕೈಯದು ಏನೂ ತಪ್ಪಿಲ್ಲ, ತಪ್ಪೆಲ್ಲ ಹಿಡಿಯದು, ಹಿಟ್ಟು ಡಬ್ಬಿಯಲ್ಲಿ ಒಣಗಿ ಕುಗ್ಗಿದೆ, ಕುಗ್ಗಿದ ಅಳತೆಗೆ ಮರ ಕೆತ್ತಿದ್ದೀಯ, ಅಷ್ಟೂ ಗೊತ್ತಾಗಲಿಲ್ಲವೇ ನಿನಗೆ ಎಂದು. ಆ ಕೂಗು ಕೇಳಿ ನನಗಾದ ಸಂತೋಷಕ್ಕೆ ಅಳು ಬಂತು, ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ. ಬದ್ಲಾಪುರದಲ್ಲಿ ಗಾಡಿ ಹತ್ತಿದ ಮೇಲೂ ಅವರ ಜಗಳ ನಿಲ್ಲಲಿಲ್ಲ. ಕಲ್ಯಾಣದಲ್ಲಿ ಹತ್ತಿದವರು ಹೊಡೆದಾಟವೆಂದು ತಿಳಿದು ಸ್ವಲ್ಪ ಸರಿದು ನಿಂತರು.

ಮರುದಿನ ಬೆಳಿಗ್ಗೆ ನಾನು ಠಾಣೆಯ ಆಫೀಸಿಗೆ ಹೊರಡುವಾಗ ಅಣ್ಣ ಹಿಡಿಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಕೂತಿದ್ದ. ಇಲ್ಲಿ ಹೆಚ್ಚಾಗಿದೆ, ಇಲ್ಲಿ ಇಳಿಸಬೇಕು ಎಂದು ತನಗೆ ತಾನೇ ಗೊಣಗುತ್ತಿದ್ದ. ತಲೆ ಎತ್ತದೆ, ಬರುವಾಗ ಠಾಣೆ ಸ್ಟೇಷನ್ನಿನ ಹತ್ತಿರದ ಅಂಗಡಿಯಿಂದ ಮರ ಉಜ್ಜುವ ಒಂದು ಅರ್ಧ ದುಂಡಗಿನ ಅರ ತಂದುಕೊಡು ಎಂದ.

ಎಷ್ಟೋ ಕಾಲದ ಮೇಲೆ ನನ್ನ ನಾಲಿಗೆ ವಾಪಸು ಬಂದಿತ್ತು.

"ನಾನೇನು ನಿನ್ನ ಆಳಾ? ಬೇಕಿದ್ದರೆ ನೀನೇ ಹೋಗಿ ತಾ."

ಅಮ್ಮ ಅಡುಗೆಮನೆಯಿಂದ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಸಂಜೆ ಬಂದಾಗ ಅಣ್ಣ ಮನೆಯಲ್ಲಿರಲಿಲ್ಲ. ಅರ ತರಲು ಮಧ್ಯಾಹ್ನದ ಗಾಡಿಗೆ ಒಬ್ಬನೇ ಹೋದ, ಅಂಗಿಯ ಗುಂಡಿ ಹಾಕಲು ಯಾರನ್ನೂ ಕರೆಯಲಿಲ್ಲ ಎಂದಳು ಅಮ್ಮ.